1950–60ರ ದಶಕದ ಸ್ಟೇನ್‌ಲೆಸ್ ಸ್ಟೀಲ್ ಚಮಚ, ಫೋರ್ಕ್, ಚಾಕುಗಳು: ಹಿಂಬದಿಯ ಮುದ್ರೆಯನ್ನು ಎಷ್ಟು ನಂಬಬಹುದು?

ಕಾಳಿತೀರ, ಒಹಾಯೊ

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ನಮ್ಮ ಬಡಾವಣೆಯಲ್ಲಿ ಒಂದು ಹಳೆಯ ಮನೆಯನ್ನು ಖಾಲಿ ಮಾಡುವ ಸಲುವಾಗಿ ನಡೆದ ಎಸ್ಟೇಟ್ ಸೇಲ್‌ನಲ್ಲಿ 12 ಡಾಲರ್ ಕೊಟ್ಟು ಒಂದು ಪೆಟ್ಟಿಗೆ ತುಂಬ ಚಮಚ, ಫೋರ್ಕ್ ಮತ್ತು ಚಾಕುಗಳನ್ನು ಕೊಂಡೆ. ಮನೆಗೆ ತಂದು ತೊಳೆದು ಮೇಜಿನ ಮೇಲೆ ಹರಡಿದಾಗ ಅವು ಒಂದೇ ಸೆಟ್ ಅಲ್ಲ, ಮೂರು ಸೆಟ್‌ಗಳ ಉಳಿಕೆ ಎಂದು ತಿಳಿಯಿತು.

ಮೊದಲನೆಯವು ಮರದ ಹಿಡಿಯವು: ಆರು ಫೋರ್ಕ್, ಆರು ಚಾಕು, ಐದು ಚಮಚ. ಮಾರುತ್ತಿದ್ದವರು ಇವು ಡೆನ್ಮಾರ್ಕಿನವು ಎಂದರು. ಆದರೆ ಉಕ್ಕಿನ ಮೇಲೆ ಕಾಣುವುದು ‘ಸ್ಟೇನ್‌ಲೆಸ್ ಸ್ಟೀಲ್, ಜಪಾನ್’ ಎಂಬ ಮುದ್ರೆ, ಅದೂ ಕೆಲವುಗಳ ಮೇಲೆ ಮಾತ್ರ. ಎರಡನೆಯವು ಹಿಡಿಯ ತುದಿಯಲ್ಲಿ ಸಣ್ಣ ನಕ್ಷತ್ರಗಳಿರುವ ಎಂಟು ಚಮಚಗಳು; ಅವುಗಳ ಹಿಂದೆ ‘ಕಮ್ಯುನಿಟಿ ಸ್ಟೇನ್‌ಲೆಸ್’ ಎಂದಿದೆ. ಮೂರನೆಯವು ನಾಲ್ಕೇ ನಾಲ್ಕು. ಯಾವ ಅಲಂಕಾರವೂ ಇಲ್ಲದ, ಮಂಕು ಮೆರುಗಿನ, ಕತ್ತಿನ ಹತ್ತಿರ ಎರಡು ಬೆರಳಲ್ಲಿ ಚಿವುಟಿದಂತೆ ಕಿರಿದಾಗುವ ಆಕಾರದವು. ಅವುಗಳ ಮೇಲೆ ‘ಹಲ್’ ಎಂಬ ಹೆಸರೂ ‘ಜರ್ಮನಿ’ ಎಂಬ ಪದವೂ ಇವೆ. ಅವುಗಳಲ್ಲಿರುವ ಒಂದೇ ಚಾಕುವಿನಲ್ಲಿ ಅಲಗು ಎಲ್ಲಿ ಮುಗಿಯಿತು, ಹಿಡಿ ಎಲ್ಲಿ ಆರಂಭವಾಯಿತು ಎಂದು ಹೇಳಲಾಗುವುದಿಲ್ಲ.

ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ತಂದು ಪರೀಕ್ಷಿಸಿದೆ. ಚಮಚಗಳಿಗೆ ಅದು ಹಿಡಿಯಲಿಲ್ಲ, ಚಾಕುಗಳಿಗೆಲ್ಲ ಗಟ್ಟಿಯಾಗಿ ಹಿಡಿಯಿತು. ಹಾಗಾದರೆ ಚಾಕುಗಳು ಕಳಪೆಯವೇ, ಅಥವಾ ನಂತರ ಯಾರೋ ಸೇರಿಸಿದವೇ? ಇವನ್ನು ಮಾರುವ ಉದ್ದೇಶ ನನಗಿಲ್ಲ. ಯಾರು ಮಾಡಿದ್ದು, ಹೇಗೆ ಮಾಡಿದ್ದು ಎಂದು ತಿಳಿದುಕೊಂಡು ದಿನವೂ ಬಳಸಬೇಕೆಂಬುದು ನನ್ನ ಆಸೆ.

ಹಳೆಯ ಪೆಟ್ಟಿಗೆ, ಲೀಡ್ಸ್

ನಿಮ್ಮ ಮೂರನೆಯ ಗುಂಪನ್ನು ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಇಡಿ, ಮೇಡಂ. ವಿವರಣೆ ನೋಡಿದರೆ ಅವು ಅಮೆರಿಕದ ವಿನ್ಯಾಸಕಾರ ರಸೆಲ್ ರೈಟ್ 1950ರ ದಶಕದ ಆರಂಭದಲ್ಲಿ ರೂಪಿಸಿದ ‘ಹೈಲೈಟ್’ ಮಾದರಿಯವು. ಜಾನ್ ಹಲ್ ಕಟ್ಲರ್ಸ್ ಎಂಬ ಸಂಸ್ಥೆ ಅವನ್ನು ಮಾರುತ್ತಿತ್ತು. ಕತ್ತಿನ ಆ ಚಿವುಟಿದ ಆಕಾರದಿಂದಾಗಿ ಸಂಗ್ರಾಹಕರು ಅದನ್ನು ‘ಪಿಂಚ್’ ಎಂದೇ ಕರೆಯುತ್ತಾರೆ. ಮೊದಲು ಜರ್ಮನಿಯಲ್ಲಿ ತಯಾರಾಗುತ್ತಿದ್ದ ಈ ಮಾದರಿ ಆಮೇಲೆ ಜಪಾನಿನಲ್ಲೂ ತಯಾರಾಯಿತು. ಬೆಳ್ಳಿಯ ಸಾಮಾನಿನ ಬಳ್ಳಿ, ಹೂವುಗಳನ್ನು ಉಕ್ಕಿನ ಮೇಲೆ ನಕಲು ಮಾಡುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಉಕ್ಕನ್ನು ಉಕ್ಕಿನಂತೆಯೇ ಕಾಣಿಸಿದ ಕೆಲವೇ ವಿನ್ಯಾಸಗಳಲ್ಲಿ ಇದೊಂದು.

ನಕ್ಷತ್ರದ ಚಮಚಗಳು ನ್ಯೂಯಾರ್ಕ್ ರಾಜ್ಯದ ಒನೈಡಾ ಸಂಸ್ಥೆಯ ‘ಟ್ವಿನ್ ಸ್ಟಾರ್’ ಮಾದರಿ ಇರಬೇಕು. ‘ಕಮ್ಯುನಿಟಿ’ ಎಂಬ ಹೆಸರಿನ ಹಿಂದೆ ಒಂದು ನಿಜವಾದ ಸಮುದಾಯವಿದೆ. 1848ರಲ್ಲಿ ಆಸ್ತಿಯನ್ನೆಲ್ಲ ಸಾಮೂಹಿಕವಾಗಿ ಹೊಂದಿ ಒಟ್ಟಾಗಿ ಬಾಳಬೇಕೆಂದು ಹೊರಟ ಒಂದು ಧಾರ್ಮಿಕ ಸಮುದಾಯ ಅಲ್ಲಿ ನೆಲೆಸಿತ್ತು. 1881ರಲ್ಲಿ ಅದು ಷೇರು ಕಂಪನಿಯಾಗಿ ಬದಲಾಯಿತು, ಚಮಚದ ಉದ್ಯಮ ಉಳಿದು ಬೆಳೆಯಿತು.

ಭದ್ರಾವತಿ ನಿವೃತ್ತ

ಕಾಳಿತೀರ ಅವರ ಅಯಸ್ಕಾಂತದ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ಒಂದು ಪರೀಕ್ಷೆಯನ್ನು ತಪ್ಪಾಗಿ ಅರ್ಥಮಾಡಿಕೊಂಡು ಒಳ್ಳೆಯ ಚಾಕುಗಳನ್ನು ಗುಜರಿಗೆ ಹಾಕಿದವರನ್ನು ನಾನು ಕಂಡಿದ್ದೇನೆ. ನನ್ನ ಉದ್ಯೋಗಜೀವನವೆಲ್ಲ ಮಿಶ್ರಲೋಹದ ಉಕ್ಕಿನ ನಡುವೆ ಕಳೆದದ್ದು.

ಚಮಚ, ಫೋರ್ಕುಗಳಿಗೆ ಆ ಕಾಲದ ಒಳ್ಳೆಯ ತಯಾರಕರು ಬಳಸಿದ್ದು 18/8 ಎಂಬ ಉಕ್ಕು. ಅಂದರೆ ನೂರರಲ್ಲಿ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕಟ್ಟಿ ತುಕ್ಕನ್ನು ತಡೆಯುತ್ತದೆ. ನಿಕ್ಕಲ್ಲು ಕಬ್ಬಿಣದ ಹರಳಿನ ಜೋಡಣೆಯನ್ನೇ ಬದಲಿಸುತ್ತದೆ, ಆದ್ದರಿಂದ ಅಯಸ್ಕಾಂತ ಅದಕ್ಕೆ ಹಿಡಿಯುವುದಿಲ್ಲ. ಆದರೆ ಈ ಉಕ್ಕನ್ನು ಕಾಯಿಸಿ ಅದ್ದಿ ಗಡಸುಗೊಳಿಸಲು ಸಾಧ್ಯವಿಲ್ಲ. ಅದರಲ್ಲಿ ಚಾಕುವಿನ ಅಲಗು ಮಾಡಿದರೆ ಧಾರ ನಿಲ್ಲದು. ಆದ್ದರಿಂದ ಅಲಗಿಗೆ ಸುಮಾರು 13 ಪಾಲು ಕ್ರೋಮಿಯಂ ಮತ್ತು ಹೆಚ್ಚು ಇಂಗಾಲವಿರುವ, ನಿಕ್ಕಲ್ ಇಲ್ಲದ ಬೇರೆ ಉಕ್ಕನ್ನು ಬಳಸುತ್ತಾರೆ. ಅದು ಗಡಸಾಗುತ್ತದೆ, ಅಯಸ್ಕಾಂತಕ್ಕೂ ಹಿಡಿಯುತ್ತದೆ. 1913ರಲ್ಲಿ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಕಂಡುಕೊಂಡದ್ದು ಈ ಬಗೆಯ ಉಕ್ಕು. ಬಂದೂಕಿನ ನಳಿಗೆ ಸವೆಯುವುದನ್ನು ತಡೆಯುವ ಲೋಹಕ್ಕಾಗಿ ಹುಡುಕುತ್ತಿದ್ದ ಅವರಿಗೆ ಅದು ಊಟದ ಚಾಕುವಿಗೆ ಒದಗುವುದೆಂದು ಹೊಳೆಯಿತು. ನಿಕ್ಕಲ್ ಸೇರಿದ ಇನ್ನೊಂದು ಬಗೆಯ ಉಕ್ಕಿಗೆ 1912ರಲ್ಲೇ ಜರ್ಮನಿಯ ಕ್ರುಪ್ ಸಂಸ್ಥೆ ಪೇಟೆಂಟ್ ಪಡೆದಿತ್ತು. ಹೀಗೆ ನಿಮ್ಮ ಪೆಟ್ಟಿಗೆಯಲ್ಲಿ ಚಾಕುವಿನ ವಂಶ ಬೇರೆ, ಚಮಚದ ವಂಶ ಬೇರೆ. ಚಾಕುವಿಗೆ ಅಯಸ್ಕಾಂತ ಹಿಡಿಯಲೇಬೇಕು. ಹಿಡಿಯದಿದ್ದರೆ ಅದರ ಧಾರದ ಬಗ್ಗೆ ಅನುಮಾನಪಡಬೇಕು.

ಇನ್ನೂ ಎರಡು ಎಚ್ಚರಿಕೆಗಳಿವೆ. 18/8 ಉಕ್ಕನ್ನು ತಣ್ಣಗಿರುವಾಗಲೇ ಬಲವಾಗಿ ಒತ್ತಿ ಆಕಾರ ಕೊಟ್ಟರೆ, ಹೆಚ್ಚು ಒತ್ತಡ ಬಿದ್ದ ಕಡೆ, ಅಂದರೆ ಚಮಚದ ಅಂಚಿನಲ್ಲೋ ಫೋರ್ಕಿನ ಮುಳ್ಳಿನ ಬುಡದಲ್ಲೋ ಅಯಸ್ಕಾಂತ ಅಳ್ಳಕವಾಗಿ ಎಳೆಯುವುದುಂಟು, ಅದು ದೋಷವಲ್ಲ. ಎರಡನೆಯದಾಗಿ, ಅಯಸ್ಕಾಂತ ಹಿಡಿಯದ್ದೆಲ್ಲ ಸ್ಟೇನ್‌ಲೆಸ್ ಅಲ್ಲ. ನಮ್ಮ ಅಂಗಡಿಗಳಲ್ಲಿ ‘ಜರ್ಮನ್ ಸಿಲ್ವರ್’ ಎಂದು ಮಾರುವ ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹಕ್ಕೂ ಅದು ಹಿಡಿಯುವುದಿಲ್ಲ. ಬೆಳ್ಳಿ ಲೇಪದ ಹಳೆಯ ಚಮಚಗಳ ಒಳಗಿರುವುದು ಹೆಚ್ಚಾಗಿ ಅದೇ. ಚಮಚದ ಬೆನ್ನು ಮೇಜಿಗೆ ತಾಗುವ ಜಾಗದಲ್ಲಿ ಹಳದಿ ಛಾಯೆ ಕಂಡರೆ ಲೇಪ ಸವೆದಿದೆ ಎಂದು ತಿಳಿಯಿರಿ.

ಒಂಟಿಕೊಪ್ಪಲು, ಮೈಸೂರು

ನಮ್ಮದು ಪಾತ್ರೆ ಅಂಗಡಿ, ತಂದೆಯವರ ಕಾಲದಿಂದ ನಡೆದುಬಂದದ್ದು. ನಿವೃತ್ತ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಇಂದಿನ ಮಾರುಕಟ್ಟೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 202ರಂತಹ ಉಕ್ಕಿಗೂ ಅಯಸ್ಕಾಂತ ಹಿಡಿಯುವುದಿಲ್ಲ. ಗಿರಾಕಿಗಳು ಜೇಬಿನಿಂದ ಅಯಸ್ಕಾಂತ ತೆಗೆದು ಪರೀಕ್ಷಿಸಿ ಸಮಾಧಾನಪಟ್ಟುಕೊಂಡು ಹೋಗುವಾಗ ನನಗೆ ಬೇಸರವಾಗುತ್ತದೆ.

ಆದರೆ ಮರದ ಹಿಡಿಯವುಗಳ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಜಪಾನ್ ಎಂಬ ಮುದ್ರೆಯಿದ್ದು ಡೆನ್ಮಾರ್ಕಿನ ರೂಪವಿದ್ದರೆ ಅದು ನಕಲು. ನಕಲಿಗೆ ತೂಕದ ಬೆಲೆಗಿಂತ ಹೆಚ್ಚು ಕೊಡಬಾರದು ಎಂಬುದು ನಾನು ನಂಬಿದ ವ್ಯಾಪಾರದ ನೀತಿ.

ಉತ್ತರದ ಹಗಲು, ಕೋಪನ್‌ಹೇಗನ್

ಒಂಟಿಕೊಪ್ಪಲು ಅವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪುತ್ತಲೇ ಇನ್ನರ್ಧವನ್ನು ಹೇಳಬೇಕು. ಮಾರುವವರು ಮನಸ್ಸಿನಲ್ಲಿಟ್ಟುಕೊಂಡದ್ದು ‘ಡಾನ್ಸ್ಕ್’ ಸಂಸ್ಥೆಯ ‘ಫ್ಯೋರ್ಡ್’ ಮಾದರಿ ಇರಬೇಕು. ಅದರ ಕಥೆ ಹೀಗಿದೆ. 1954ರಲ್ಲಿ ಯುರೋಪ್ ಪ್ರವಾಸಕ್ಕೆ ಬಂದ ಅಮೆರಿಕದ ಉದ್ಯಮಿ ಟೆಡ್ ನೀರೆನ್‌ಬರ್ಗ್ ಇಲ್ಲಿನ ಕರಕುಶಲ ಮ್ಯೂಸಿಯಂನಲ್ಲಿ ತೇಗದ ಹಿಡಿಯ ಉಕ್ಕಿನ ಫೋರ್ಕ್, ಚಾಕುಗಳನ್ನು ಕಂಡರು. ಅವನ್ನು ರೂಪಿಸಿದ ಯೆನ್ಸ್ ಕ್ವಿಸ್ಟ್‌ಗೋರ್ ಅವರನ್ನು ಹುಡುಕಿಕೊಂಡು ಹೋದರು. ಕೈಯಲ್ಲಿ ಬಡಿದು ಮಾಡುವ ಇಂಥ ವಸ್ತುವನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಲಾಗದು ಎಂಬ ಭಾವನೆಯಿತ್ತು. ಆಗುತ್ತದೆ ಎಂದು ಒಪ್ಪಿಸಿ ನೀರೆನ್‌ಬರ್ಗ್ ಕಂಪನಿ ಕಟ್ಟಿದರು. ಹೆಸರು ಡ್ಯಾನಿಶ್, ವಿನ್ಯಾಸ ಡ್ಯಾನಿಶ್, ಕಂಪನಿ ಮಾತ್ರ ಅಮೆರಿಕದ್ದು. ಡಾನ್ಸ್ಕ್‌ನ ಆರಂಭದ ವಸ್ತುಗಳ ಮೇಲೆ ನಾಲ್ಕು ಬಾತುಕೋಳಿಗಳ ಚಿಹ್ನೆ, ‘ಡೆನ್ಮಾರ್ಕ್’ ಎಂಬ ಪದ, ವಿನ್ಯಾಸಕಾರರ ಹೆಸರಿನ ಮೂರು ಮೊದಲಕ್ಷರಗಳು, ಅಂದರೆ ಯೆನ್ಸ್, ಹರಾಲ್ಡ್, ಕ್ವಿಸ್ಟ್‌ಗೋರ್ ಎಂಬುದರ ಆದ್ಯಕ್ಷರಗಳಾದ ‘ಜೆ’, ‘ಎಚ್’, ‘ಕ್ಯೂ’ ಕಾಣಸಿಗುತ್ತವೆ. ಮುಂದಿನ ವರ್ಷಗಳಲ್ಲಿ ಆ ಸಂಸ್ಥೆಯೇ ತನ್ನ ಸಾಮಾನುಗಳನ್ನು ಜಪಾನ್ ಸೇರಿದಂತೆ ಬೇರೆ ದೇಶಗಳಲ್ಲೂ ಮಾಡಿಸಿತು. ಹೀಗಿರುವಾಗ ಜಪಾನ್ ಎಂಬ ಒಂದೇ ಪದದ ಮೇಲೆ ನಕಲೆಂದು ತೀರ್ಪು ಕೊಡಲಾಗದು.

ಮುದ್ರೆಗಳ ಭಾಷೆ ಕಲಿತರೆ ಹಲವು ಸಂಗತಿಗಳು ತಾವಾಗಿ ತಿಳಿಯುತ್ತವೆ. ತುಕ್ಕು ಹಿಡಿಯದ್ದು ಎಂಬುದಕ್ಕೆ ಜರ್ಮನಿಯಲ್ಲಿ ‘ರೋಸ್ಟ್‌ಫ್ರೈ’, ಸ್ವೀಡನ್ನಿನಲ್ಲಿ ‘ರೋಸ್ಟ್‌ಫ್ರಿಟ್’, ಇಲ್ಲಿ ‘ರುಸ್ಟ್‌ಫ್ರಿಟ್’, ಫ್ರಾನ್ಸ್ ಮತ್ತು ಇಟಲಿಯಲ್ಲಿ ‘ಇನಾಕ್ಸ್’ ಎಂದು ಒತ್ತುತ್ತಿದ್ದರು. ದೇಶದ ಹೆಸರು ಸ್ವಂತ ಭಾಷೆಯಲ್ಲಿ ‘ಡಾನ್ಮಾರ್ಕ್’ ಎಂದಿದ್ದರೆ ಆ ವಸ್ತುವನ್ನು ಮನೆಬಳಕೆಗೆ ಮಾಡಿರುವ ಸಾಧ್ಯತೆ ಹೆಚ್ಚು. ಇಂಗ್ಲಿಷಿನಲ್ಲಿ ‘ಡೆನ್ಮಾರ್ಕ್’ ಎಂದಿದ್ದರೆ ಹೊರದೇಶದ ಮಾರುಕಟ್ಟೆಗೆ, ಏಕೆಂದರೆ ಅಮೆರಿಕದ ಕಾನೂನು ಆಮದು ವಸ್ತುವಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿರಬೇಕೆಂದು ಕೇಳುತ್ತಿತ್ತು. ‘ಪಶ್ಚಿಮ ಜರ್ಮನಿ’ ಎಂದು ಕಂಡರೆ 1949ರಿಂದ 1990ರ ನಡುವಿನದು. ‘ಆಕ್ರಮಿತ ಜಪಾನ್’ ಎಂಬರ್ಥದ ಮುದ್ರೆ ಯುದ್ಧಾನಂತರ 1952ರವರೆಗಿನದು. ‘ಕ್ರೋಮಾರ್ಗನ್’ ಎಂಬುದನ್ನು ಹೊಸ ಲೋಹವೆಂದು ಭಾವಿಸುವವರಿದ್ದಾರೆ. ಅದು ಜರ್ಮನಿಯ ಡಬ್ಲ್ಯುಎಂಎಫ್ ಸಂಸ್ಥೆ ತನ್ನ ಸ್ಟೇನ್‌ಲೆಸ್ ಉಕ್ಕಿಗೆ ಇಟ್ಟ ವ್ಯಾಪಾರನಾಮ. ಸ್ವೀಡನ್ನಿನ ‘ಗೆನ್ಸೆ’ ಎಂಬ ಹೆಸರಂತೂ ನಮ್ಮವರಿಗೆ ಹತ್ತಿರದ್ದು. ಗುಸ್ತಾಫ್ ಎರಿಕ್ಸನ್, ನ್ಯೂಸಿಲ್ವರ್, ಎಸ್ಕಿಲ್ಸ್ಟೂನಾ ಎಂಬುದರ ಸಂಕ್ಷೇಪವದು, ನಡುವಿನ ‘ನ್ಯೂಸಿಲ್ವರ್’ ಎಂದರೆ ಮೇಲೆ ಹೇಳಿದ ಜರ್ಮನ್ ಸಿಲ್ವರ್ರೇ.

ಭದ್ರಾವತಿ ನಿವೃತ್ತ

ಮುದ್ರೆಯ ಬಗ್ಗೆ ಉತ್ತರದ ಹಗಲು ಮೇಡಂ ಬರೆದದ್ದು ಬಹಳ ಉಪಯುಕ್ತ. ಆದರೂ ಮುದ್ರೆ ಹೇಳುವುದು ಮುಖ್ಯವಾಗಿ ಯಾರು ಮಾರಿದರು ಎಂಬುದನ್ನು. ಹೇಗೆ ಮಾಡಿದರು ಎಂಬುದನ್ನು ಕತ್ತು, ಮುಳ್ಳು ಮತ್ತು ಅಂಚುಗಳನ್ನೇ ಕೇಳಬೇಕು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಆಸಕ್ತಿಯಿರುವುದು ಇದರಲ್ಲಿಯೇ.

ಒಂದು ಫೋರ್ಕ್ ಹುಟ್ಟುವ ಬಗೆಯನ್ನು ಕಲ್ಪಿಸಿಕೊಳ್ಳಿ. ಮೊದಲು ಉಕ್ಕಿನ ಹಾಳೆಯಿಂದ ಒಂದು ಗಿಡ್ಡ, ದಪ್ಪ ತುಂಡನ್ನು ಕತ್ತರಿಸುತ್ತಾರೆ. ಅದನ್ನು ರೋಲರುಗಳ ನಡುವೆ ಅಡ್ಡಲಾಗಿ ಹಾಯಿಸಿ ಮುಳ್ಳು ಬರುವ ತುದಿಯನ್ನು ಅಗಲವಾಗಿ, ತೆಳ್ಳಗೆ ಹರಡುತ್ತಾರೆ. ಕತ್ತಿನ ಭಾಗವನ್ನು ಮಾತ್ರ ಮುಟ್ಟದೆ ದಪ್ಪವಾಗಿಯೇ ಉಳಿಸುತ್ತಾರೆ, ಏಕೆಂದರೆ ಬಾಗುವ ಒತ್ತಡವೆಲ್ಲ ಬೀಳುವುದು ಅಲ್ಲಿಯೇ. ಬಳಿಕ ಹೊರ ಆಕಾರವನ್ನು ಕತ್ತರಿಸಿ, ಮುಳ್ಳುಗಳ ನಡುವಿನ ಸೀಳುಗಳನ್ನು ಕೊರೆದು, ಅಚ್ಚಿನಲ್ಲಿಟ್ಟು ಭಾರವಾದ ಪ್ರೆಸ್ಸಿನಿಂದ ಒತ್ತಿ ಬಾಗು ಕೊಡುತ್ತಾರೆ. ಕೊನೆಗೆ ಅಂಚುಗಳನ್ನು ಉಜ್ಜಿ ಮೆರುಗು ಕೊಡುವ ಕೆಲಸ, ಅದರಲ್ಲೂ ಮುಳ್ಳುಗಳ ನಡುವಿನ ಒಳಗೋಡೆಗಳನ್ನು ನಯಗೊಳಿಸುವ ಕೆಲಸ ಉಳಿಯುತ್ತದೆ. ಇದು ಬಹಳ ಕೈಕೆಲಸ ಬೇಡುವ ಹಂತ, ಆದ್ದರಿಂದ ಖರ್ಚು ಉಳಿಸಬೇಕೆಂದವರು ಮೊದಲು ಬಿಡುವುದೂ ಇದನ್ನೇ. ಅಗ್ಗದ ತಯಾರಿಕೆಯಲ್ಲಿ ರೋಲರಿನ ಹಂತವೂ ಇರುವುದಿಲ್ಲ. ಒಂದೇ ದಪ್ಪದ ಹಾಳೆಯಿಂದ ನೇರವಾಗಿ ಆಕಾರ ಕತ್ತರಿಸಿ ಬಾಗಿಸುತ್ತಾರೆ. ಅಂಥ ಚಮಚದ ಕತ್ತು ಬೆರಳೊತ್ತಿಗೆ ಬಾಗುತ್ತದೆ, ಬಾಯಿಗೆ ಹೋಗುವ ತುದಿಯೋ ದಪ್ಪವಾಗಿ ತುಟಿಗೆ ಅಡ್ಡ ಬರುತ್ತದೆ.

ಆದ್ದರಿಂದ ಕಾಳಿತೀರ ಅವರಲ್ಲಿ ನನ್ನ ಕೋರಿಕೆ ಇಷ್ಟು. ಫೋರ್ಕನ್ನು ಬೆಳಕಿಗೆ ಹಿಡಿದು ಮುಳ್ಳುಗಳ ನಡುವೆ ನೋಡಿ. ಅಲ್ಲಿ ಒರಟು ಗೆರೆಗಳಿವೆಯೇ ಅಥವಾ ಹೊರಮೈಯಷ್ಟೇ ನಯವಿದೆಯೇ? ಸೀಳಿನ ಬುಡ ದುಂಡಗಿದೆಯೇ, ಚೌಕವಾಗಿದೆಯೇ? ದಪ್ಪ ಅಳೆಯುವ ಕ್ಯಾಲಿಪರ್ ಸಿಕ್ಕರೆ ಕತ್ತು, ಬಟ್ಟಲಿನ ತುದಿ, ಹಿಡಿಯ ಸಮೀಪ, ಈ ಮೂರು ಕಡೆ ಅಳೆಯಿರಿ. ಮರಕ್ಕೂ ಉಕ್ಕಿಗೂ ಕೂಡುವ ಜಾಗದಲ್ಲಿ ಉಗುರಾಡಿಸಿ, ಎಲ್ಲಾದರೂ ತಡೆಯುತ್ತದೆಯೇ ನೋಡಿ.

ಹಳೆಯ ಪೆಟ್ಟಿಗೆ, ಲೀಡ್ಸ್

ಟೊಳ್ಳು ಹಿಡಿಯ ಚಾಕುಗಳಿದ್ದರೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುವುದನ್ನೂ ಸೇರಿಸಿಕೊಳ್ಳಿ. ಎರಡು ಅರೆಗಳನ್ನು ಬೆಸೆದು ಹಿಡಿ ಮಾಡಿ ಅದರೊಳಗೆ ಅಲಗನ್ನು ಕೂರಿಸಿರುತ್ತಾರೆ. ಒಳಗೆ ಗುಳುಗುಳು ಎಂದರೆ ಹಿಡಿದಿಟ್ಟ ಅಂಟು ಒಡೆದಿದೆ ಎಂದು ಅರ್ಥ.

ಬಿದಿರುಮೆಳೆ, ನಾಗೋಯಾ

ಜಪಾನಿನಲ್ಲಿ ಒಂಬತ್ತು ವರ್ಷಗಳಿಂದ ಇರುವ ನನಗೆ ‘ನಕಲು’ ಎಂಬ ಪದ ಓದಿ ಸುಮ್ಮನಿರಲಾಗಲಿಲ್ಲ. ನಿಮ್ಮ ಮರದ ಹಿಡಿಯ ಸೆಟ್ ನೀಗಾತಾ ಪ್ರಾಂತ್ಯದ ತ್ಸುಬಾಮೆ ಎಂಬ ಸಣ್ಣ ಊರಿನಿಂದ ಬಂದಿರುವ ಸಂಭವ ಬಹಳವಿದೆ, ಏಕೆಂದರೆ ಜಪಾನಿನ ಚಮಚ, ಫೋರ್ಕುಗಳಲ್ಲಿ ಬಹುಪಾಲು ತಯಾರಾಗುವುದು ಅಲ್ಲಿಯೇ. ಮೊಳೆ ಬಡಿಯುವುದರಿಂದ ಆರಂಭಿಸಿ, ಅರ, ತಾಮ್ರದ ಪಾತ್ರೆ, ತಂಬಾಕಿನ ಕೊಳವೆಗಳನ್ನು ತಲೆಮಾರುಗಳ ಕಾಲ ಮಾಡಿದ ಊರದು. ಮೊದಲ ಮಹಾಯುದ್ಧದ ಹೊತ್ತಿಗೆ ಪಾಶ್ಚಾತ್ಯ ಚಮಚಗಳನ್ನು ಮಾಡಲು ಕಲಿತ ಅಲ್ಲಿಯ ಕುಶಲಕರ್ಮಿಗಳು ಎರಡನೆಯ ಯುದ್ಧದ ನಂತರ ಅಮೆರಿಕಕ್ಕೆ ಕಳಿಸಿದ ಸಾಮಾನಿನ ಪ್ರಮಾಣ ಎಷ್ಟಿತ್ತೆಂದರೆ, ಅಮೆರಿಕದ ತಯಾರಕರು ತಮ್ಮ ಸರ್ಕಾರದ ಮೊರೆಹೋದರು. 1959ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸ್ಟೇನ್‌ಲೆಸ್ ಚಮಚ, ಫೋರ್ಕ್, ಚಾಕುಗಳ ಆಮದಿಗೆ ವರ್ಷಕ್ಕೆ 6.9 ಕೋಟಿ ಬಿಡಿ ವಸ್ತುಗಳ ಮಿತಿ ಹಾಕಿ, ಅದನ್ನು ಮೀರಿದ್ದಕ್ಕೆ ಹೆಚ್ಚಿನ ಸುಂಕ ವಿಧಿಸಿದರು.

ಅಮೆರಿಕದ ಆಮದುದಾರರು ಚಿತ್ರ ಕೊಟ್ಟು, ಬೆಲೆ ಗೊತ್ತುಮಾಡಿ, ಇಂಥದ್ದೇ ಬೇಕು ಎಂದು ಕೇಳುತ್ತಿದ್ದರು. ಒಂದೇ ಊರಿನಲ್ಲಿ ಅಗ್ಗದ ಬೇಡಿಕೆಗೆ ಅಗ್ಗದ್ದೂ ಉತ್ತಮ ಬೇಡಿಕೆಗೆ ಉತ್ತಮವಾದದ್ದೂ ತಯಾರಾಯಿತು. 1974ರಲ್ಲಿ ಸೋರಿ ಯಾನಾಗಿ ರೂಪಿಸಿದ ಸ್ಟೇನ್‌ಲೆಸ್ ಚಮಚಗಳನ್ನು ಒಮ್ಮೆ ಕೈಯಲ್ಲಿ ಹಿಡಿದವರು ಜಪಾನ್ ಎಂಬ ಮುದ್ರೆಯನ್ನು ಹಗುರವಾಗಿ ಕಾಣಲಾರರು.

ಒಂಟಿಕೊಪ್ಪಲು, ಮೈಸೂರು

ಬಿದಿರುಮೆಳೆ ಅವರೇ, ನಿಮ್ಮ ಮಾತನ್ನು ಒಪ್ಪಿಕೊಳ್ಳುತ್ತೇನೆ. ಮಾಡಿಸುವವನು ಕೊಟ್ಟ ಬೆಲೆಗೆ ತಕ್ಕಂತೆ ಮಾಡುವವನ ಕೆಲಸ ಎಂಬುದು ನಮ್ಮ ಅಂಗಡಿಗೂ ಗೊತ್ತಿರುವ ವಿಷಯ. ಅದನ್ನು ದೇಶದ ತಲೆಗೆ ಕಟ್ಟಿದ್ದು ನನ್ನ ತಪ್ಪು. ಕಾಳಿತೀರ ಅವರ ಅಳತೆಗಳನ್ನು ನೋಡಿದ ಮೇಲೆಯೇ ಮುಂದಿನ ಮಾತು ಆಡುತ್ತೇನೆ.

ಕಾಳಿತೀರ, ಒಹಾಯೊ

ಎಲ್ಲರ ಉತ್ತರಗಳನ್ನೂ ಎರಡೆರಡು ಬಾರಿ ಓದಿದೆ. ಪಕ್ಕದ ಮನೆಯವರಿಂದ ಕ್ಯಾಲಿಪರ್ ಪಡೆದು ಭಾನುವಾರವಿಡೀ ಅಳೆದೆ.

‘ಹೈಲೈಟ್’ ಚಮಚದ ಕತ್ತು 3.4 ಮಿಲಿಮೀಟರ್, ಬಟ್ಟಲಿನ ತುದಿ 1.3. ಚಿವುಟಿದಷ್ಟು ಕಿರಿದಾದ ಆ ಕತ್ತು ಬಾಗದೆ ಉಳಿದಿರುವುದು ಅಗಲದಲ್ಲಿ ಕಳೆದುಕೊಂಡದ್ದನ್ನು ದಪ್ಪದಲ್ಲಿ ಗಳಿಸಿರುವುದರಿಂದ ಎಂದು ಅಳೆದ ಮೇಲೆ ಅರ್ಥವಾಯಿತು. ನಕ್ಷತ್ರದ ಚಮಚಗಳಲ್ಲಿ ಕತ್ತು 2.5, ತುದಿ 1.5. ಮರದ ಹಿಡಿಯ ಫೋರ್ಕುಗಳು ಕತ್ತಿನಲ್ಲಿ 2, ಮುಳ್ಳಿನಲ್ಲಿ 1.8, ಅಂದರೆ ಬಹುಮಟ್ಟಿಗೆ ಒಂದೇ ಹಾಳೆ. ಮುಳ್ಳುಗಳ ನಡುವೆ ಅಡ್ಡಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಹಾಗಾಗಿ ಫೋರ್ಕುಗಳ ಮಟ್ಟಿಗೆ ಒಂಟಿಕೊಪ್ಪಲು ಅವರ ಬೆಲೆಯ ಲೆಕ್ಕ ಸರಿಯಿತ್ತು.

ಮರದ ಬಗ್ಗೆ ನಾನೇ ಹೇಳಬಲ್ಲೆ. ನಾನು ಹುಟ್ಟಿ ಬೆಳೆದದ್ದು ದಾಂಡೇಲಿಯ ಹತ್ತಿರ. ತೇಗದ ಹೊಟ್ಟಿನ ವಾಸನೆ ನನಗೆ ಬಾಲ್ಯದಿಂದ ಪರಿಚಿತ. ಒಡೆದಿದ್ದ ಒಂದು ಚಾಕುವಿನ ಹಿಡಿಯ ಸೀಳನ್ನು ಮರಳುಕಾಗದದಿಂದ ತುಸು ಉಜ್ಜಿದೆ. ತೊಗಲಿನಂತಹ, ಎಣ್ಣೆಯಂಶದ ಆ ವಾಸನೆ ಬರಲೇ ಇಲ್ಲ. ಒಳಗೆ ಮರ ಬಿಳಿಚಿಕೊಂಡಿದೆ, ಮೇಲೆ ಬಣ್ಣ ಬಳಿದಿದ್ದಾರೆ.

ಆದರೆ ಐದು ಚಮಚಗಳಲ್ಲಿ ಒಂದು ಮಾತ್ರ ಬೇರೆಯಾಗಿದೆ. ಕತ್ತು 3.1, ತುದಿ 1.2. ಮರ ಉಕ್ಕಿಗೆ ಕೂಡುವ ಕಡೆ ಉಗುರು ತಡೆಯುವುದೇ ಇಲ್ಲ. ಮುದ್ರೆಯಿರಬೇಕಾದ ಜಾಗದಲ್ಲಿ ಉಜ್ಜಿ ಸವೆದ ಗುರುತು ಮಾತ್ರವಿದೆ. ಇದನ್ನು ಓದುವುದು ಹೇಗೆ?

ಭದ್ರಾವತಿ ನಿವೃತ್ತ

ಯಾವ ಕಾರಣಕ್ಕೂ ಪಾಲಿಷ್ ಹಾಕಬೇಡಿ. ಮಂಕು ಮೆರುಗೆಂಬುದು ಒಂದೇ ದಿಕ್ಕಿನಲ್ಲಿ ಎಳೆದ ಅತಿ ಸೂಕ್ಷ್ಮ ಗೆರೆಗಳ ಸಮೂಹ; ಯಂತ್ರದ ಬಫ್ ತಾಗಿಸಿದರೆ ಅದು ಶಾಶ್ವತವಾಗಿ ಹೋಗುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ನಾರೂ ಬೇಡ. ಅದರ ಚೂರುಗಳು ಮೇಲ್ಮೈಯಲ್ಲಿ ಕಚ್ಚಿಕೊಂಡು ತುಕ್ಕಿನ ಚುಕ್ಕೆಗಳಾಗುತ್ತವೆ, ನೋಡಿದವರು ಚಮಚಕ್ಕೇ ತುಕ್ಕು ಹಿಡಿಯಿತೆಂದು ತಿಳಿಯುತ್ತಾರೆ. ಹಿತ್ತಾಳೆಗೆ ಹಾಕುವ ಹುಣಸೆಹಣ್ಣಿನ ಅಗತ್ಯವೂ ಇಲ್ಲ. ಶಾಖದಿಂದ ಬಂದ ನೀಲಿ, ಬಂಗಾರ ಬಣ್ಣದ ಛಾಯೆಗೆ ನೀರು ಬೆರೆಸಿದ ವಿನಿಗರ್ ಸಾಕು, ಆದರೆ ಕೂಡಲೇ ತೊಳೆದು ಒರೆಸಿ. ಉಪ್ಪಿನಕಾಯಿಯ ಚಮಚವನ್ನು ಜಾಡಿಯಲ್ಲೇ ಬಿಡುವ ಅಭ್ಯಾಸವಿದ್ದರೆ ಇವುಗಳ ವಿಷಯದಲ್ಲಿ ಬಿಟ್ಟುಬಿಡಿ. ಉಪ್ಪಿನ ನೀರು ನಿಂತ ಕಡೆ, ಅದರಲ್ಲೂ ಚಾಕುವಿನ ಅಲಗಿನ ಮೇಲೆ, ಸೂಜಿಮೊನೆಯಂತಹ ಗುಳಿಗಳು ಬೀಳುತ್ತವೆ, ಅವನ್ನು ಮುಚ್ಚಲು ಬರುವುದಿಲ್ಲ. ಮರದ ಹಿಡಿಯವನ್ನು ಡಿಶ್‌ವಾಷರಿಗೆ ಹಾಕಬಾರದು. ಹಿಡಿಗೆ ಅಡುಗೆಯ ಎಣ್ಣೆ ಸವರಬೇಡಿ, ಅದು ಕಮಟುತ್ತದೆ; ಮರದ ಹಲಗೆಗಳಿಗೆಂದು ಮಾರುವ ಮಿನರಲ್ ಎಣ್ಣೆ ಒಳ್ಳೆಯದು.

ಸವೆದ ಮುದ್ರೆ ಓದಲು ಜಾಗವನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ, ನುಣ್ಣನೆಯ ರಂಗೋಲಿ ಪುಡಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಉಜ್ಜಬೇಡಿ. ಹೆಚ್ಚಾದದ್ದನ್ನು ಊದಿ ತೆಗೆದು, ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮೇಲಿನಿಂದಲ್ಲ, ಪಕ್ಕದಿಂದ ಮಲಗಿಸಿ ಹಿಡಿಯಿರಿ.

ಹಳೆಯ ಪೆಟ್ಟಿಗೆ, ಲೀಡ್ಸ್

ಪುಡಿ ಹಾಕುವವರೆಗೆ ಒಂದು ಮಾತು ಹೇಳಿಬಿಡುತ್ತೇನೆ. ಹೆಸರಾಂತ ಸೆಟ್‌ಗಳನ್ನಷ್ಟೇ ಹುಡುಕುವವರಿಗೆ ನಾನು ತೋರಿಸಬಯಸುವುದು ಡೇವಿಡ್ ಮೆಲ್ಲರ್ 1965ರಲ್ಲಿ ಬ್ರಿಟಿಷ್ ಸರ್ಕಾರಕ್ಕಾಗಿ ರೂಪಿಸಿದ ‘ಥ್ರಿಫ್ಟ್’ ಎಂಬ ಸೆಟ್. ಅದು ಸರ್ಕಾರಿ ಕ್ಯಾಂಟೀನುಗಳಂತಹ ಸಾರ್ವಜನಿಕ ಸ್ಥಳಗಳಲ್ಲಿ ಸಾಮಾನ್ಯರು ಊಟಮಾಡಲೆಂದೇ ಮಾಡಿದ್ದು. ವಾಡಿಕೆಯ 11 ಬಗೆಯ ವಸ್ತುಗಳನ್ನು ಅವರು ಐದಕ್ಕೆ ಇಳಿಸಿದರು. ಚಾಕುವಿನ ಅಲಗು, ಹಿಡಿ ಬೇರೆಬೇರೆಯಾಗಿರದೆ ಒಂದೇ ಉಕ್ಕಿನ ತುಂಡಿನಿಂದ ಒತ್ತಿದ್ದು. ಅದೇ ಮನುಷ್ಯ 1963ರಲ್ಲಿ ಬ್ರಿಟಿಷ್ ರಾಯಭಾರ ಕಚೇರಿಗಳಿಗೆಂದು ‘ಎಂಬಸಿ’ ಎಂಬ ಬೆಳ್ಳಿಯ ಸೆಟ್ ಮಾಡಿದ್ದರು. ಎರಡನ್ನೂ ಹ್ಯಾಥರ್ಸೇಜ್‌ನಲ್ಲಿರುವ ಅವರ ದುಂಡು ಕಾರ್ಖಾನೆಯ ಪಕ್ಕದ ಮ್ಯೂಸಿಯಂಗೆ ಹೋದ ದಿನದಿಂದ ನನ್ನ ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟು ನೋಡುತ್ತಲೇ ಇದ್ದೇನೆ. ಕ್ಯಾಂಟೀನಿನ ಫೋರ್ಕಿಗೆ ಕೊಟ್ಟ ಯೋಚನೆ ರಾಯಭಾರಿಯ ಫೋರ್ಕಿಗೆ ಕೊಟ್ಟದ್ದಕ್ಕಿಂತ ಒಂದಿಷ್ಟೂ ಕಡಿಮೆಯಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರದ ಹಗಲು, ಕೋಪನ್‌ಹೇಗನ್

ಇಲ್ಲಿಯ ಉದಾಹರಣೆ ಆರ್ನೆ ಯಾಕೋಬ್ಸನ್ ಅವರ 1957ರ ಸೆಟ್. 1960ರಲ್ಲಿ ತೆರೆದ ಎಸ್‌ಎಎಸ್ ರಾಯಲ್ ಹೋಟೆಲಿನ ಕಟ್ಟಡದ ಜೊತೆಗೆ ಅದರ ಕುರ್ಚಿಗಳನ್ನೂ ಊಟದ ಚಮಚಗಳನ್ನೂ ಅವರೇ ರೂಪಿಸಿದರು. ಮೊದಲು ಎ. ಮಿಕೆಲ್ಸನ್ ಸಂಸ್ಥೆ ತಯಾರಿಸುತ್ತಿತ್ತು, ಆಮೇಲೆ ಅದು ಜಾರ್ಜ್ ಯೆನ್ಸನ್ ಹೆಸರಿನಲ್ಲಿ ಮುಂದುವರಿಯಿತು. ಆದ್ದರಿಂದ ಮಿಕೆಲ್ಸನ್ ಮುದ್ರೆಯಿದ್ದರೆ ಅದು ಹಳೆಯದು. ಹಿಡಿ ಎಂಬುದು ಎಲ್ಲಿಯೂ ನಿಲ್ಲದೆ ಬಟ್ಟಲಾಗಿ ಹರಿದುಬಿಡುತ್ತದೆ. ಸಾರಿನ ಚಮಚವನ್ನು ಬಲಗೈಯವರಿಗೊಂದು, ಎಡಗೈಯವರಿಗೊಂದು ಎಂದು ಬೇರೆಯಾಗಿ ಮಾಡಿದ್ದರು. ಎಡಗೈಯವಳಾದ ನನಗೆ ಅದನ್ನು ಮೊದಲ ಬಾರಿ ಹಿಡಿದಾಗ ಕಣ್ಣು ತುಂಬಿಬಂದದ್ದು ನಿಜ. ನಮ್ಮ ಮನೆಯಲ್ಲಿ ಎಡಗೈಯಲ್ಲಿ ಚಮಚ ಹಿಡಿದರೆ ಹಿರಿಯರು ಗದರುತ್ತಿದ್ದರು.

ಒಂಟಿಕೊಪ್ಪಲು, ಮೈಸೂರು

ನಮ್ಮ ಅಂಗಡಿಯಲ್ಲಿ ಪಾತ್ರೆ ಕೊಂಡವರಿಗೆ ಹೆಸರು ಕೊರೆದುಕೊಡುತ್ತೇವೆ. ಯಾರು ಯಾರಿಗೆ ಕೊಟ್ಟರು, ಯಾವ ಶುಭಕಾರ್ಯಕ್ಕೆ, ಯಾವ ದಿನಾಂಕ ಎಂದು ಅಂಚಿನ ಮೇಲೆ ಇರುತ್ತದೆ. ಆದರೆ ಮಾಡಿದವನ ಹೆಸರು ಅಲ್ಲಿ ಇರುವುದಿಲ್ಲ. ವಿನ್ಯಾಸಕಾರನ ಆದ್ಯಕ್ಷರಗಳನ್ನು ಚಮಚದ ಹಿಂದೆ ಒತ್ತುತ್ತಿದ್ದರು ಎಂಬುದನ್ನು ಇಲ್ಲಿ ಓದಿ, ಇಂದು ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನಮ್ಮಲ್ಲಿರುವ ಹಳೆಯ ಸೌಟುಗಳನ್ನೆಲ್ಲ ತಿರುಗಿಸಿ ನೋಡಿದೆ. ಎರಡರ ಮೇಲೆ ಯಾವುದೋ ಸಣ್ಣ ಮುದ್ರೆಯಿದೆ. ರಂಗೋಲಿ ಪುಡಿ ಹಾಕಿ ನೋಡುತ್ತೇನೆ. ಕಾಳಿತೀರ ಅವರೇ, ನಿಮ್ಮದು ಏನಾಯಿತು?

ಕಾಳಿತೀರ, ಒಹಾಯೊ

ರಂಗೋಲಿ ಪುಡಿ ಮನೆಯಲ್ಲಿತ್ತು, ಕಳೆದ ದೀಪಾವಳಿಯದು. ಸ್ನಾನದ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದೆ. ಮೇಲಿನ ಸಾಲು ಪೂರ್ತಿ ಅಳಿಸಿಹೋಗಿದೆ. ಕೆಳಗಿನ ಸಾಲಿನಲ್ಲಿ ಮೊದಲ ಅಕ್ಷರವಿರಬೇಕಾದ ಕಡೆ ಒಂದು ನೆಟ್ಟನೆಯ ಗೀರು ಮಾತ್ರವಿದೆ. ಅದರ ಪಕ್ಕದಲ್ಲಿ ‘ಎಚ್’, ಅದರ ಪಕ್ಕದಲ್ಲಿ ಬಾಲವಿರುವ ದುಂಡು ಅಕ್ಷರ. ಅದು ‘ಓ’ ಅಲ್ಲ, ಬಾಲ ಸ್ಪಷ್ಟವಾಗಿದೆ. ಚಿತ್ರವನ್ನು ಈಗಲೇ ಹಾಕುತ್ತಿದ್ದೇನೆ. ಉತ್ತರದ ಹಗಲು ಅವರು ದಯವಿಟ್ಟು ನೋಡಿ ಹೇಳಬೇಕು.